‘ಅಣ್ಣ’ ಎನ್ನಿಸಿಕೊಂಡವನೇ ಗೋಲಿ ಕದ್ದ

ರಮೇಶ: ಸಾಲದಲ್ಲಿ ಮುಳುಗಿದವರು ಹಣಕ್ಕಾಗಿ ಮಕ್ಕಳ ಆಟಗಳನ್ನಾಡಿ, ಸೋತರೆ ಜೀವ ಕಳೆದುಕೊಳ್ಳುವ ಕಥೆಯ ದಕ್ಷಿಣ ಕೊರಿಯಾದ ‘ಸ್ಕ್ವಿಡ್ ಗೇಮ್’ ಸರಣಿಯನ್ನು ಹೊಗಳುವ ಲೇಖನವೊಂದನ್ನು ಮೇಲೆ ಹಂಚಿದ್ದೇನೆ. ಪಾಕಿಸ್ತಾನದ ಕಾರ್ಮಿಕ ಅಲಿ, ಉತ್ತರ ಕೊರಿಯಾದಿಂದ ತಪ್ಪಿಸಿಕೊಂಡು ಬಂದ ಯುವತಿ, ಎರಡನೆಯ ಭಾಗದಲ್ಲಿ ಟ್ರಾನ್ಸ್ ಮಹಿಳೆ, ಹೀಗೆ ಎಲ್ಲರಿಗೂ ಅಲ್ಲಿ ಜಾಗ ಸಿಕ್ಕಿದೆ. 456 ಜನರಿಗೂ ಒಂದೇ ಹಸಿರು ಟ್ರ್ಯಾಕ್‌ಸೂಟ್ ತೊಡಿಸಿದ ಮೇಲೆ ಸಾಲದ ಮುಂದೆ ದೇಶ, ಭಾಷೆಗಳು ಲೆಕ್ಕಕ್ಕೆ ಬರುವುದಿಲ್ಲ ಎಂಬ ಮಾತನ್ನು ನಾನು ಒಪ್ಪುತ್ತೇನೆ.

ಸುಧಾ: ನಾನು ಒಪ್ಪುವುದಿಲ್ಲ, ರಮೇಶ. ಬಟ್ಟೆ ಒಂದೇ ಆದರೂ ಬಾಯಿಮಾತು ಒಂದೇ ಅಲ್ಲ. ಆರು ತಿಂಗಳ ಸಂಬಳ ಬಾಕಿ ಉಳಿಸಿಕೊಂಡ ಕಾರ್ಖಾನೆಯ ಮಾಲೀಕನನ್ನು ‘ಸಾಜಾಂಗ್‌ನಿಮ್’, ಅಂದರೆ ಯಜಮಾನರೇ, ಎಂದು ಕರೆಯುತ್ತಿದ್ದ ಅಲಿ, ಆಟದೊಳಗೆ ತನ್ನಷ್ಟೇ ದಿವಾಳಿಯೆದ್ದ ಸಾಂಗ್-ವೂನನ್ನೂ ಅದೇ ಪದದಿಂದ ಕರೆಯುತ್ತಾನೆ. ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಓದಿದ ಆ ಮನುಷ್ಯ ‘ಹಾಗನ್ನಬೇಡ, ಅಣ್ಣ ಎನ್ನು’ ಎನ್ನುತ್ತಾನೆ. ಆರನೆಯ ಕಂತಿನ ಗೋಲಿಯಾಟದಲ್ಲಿ ತನ್ನ ಸೋಲು ಖಚಿತವಾದಾಗ ಅದೇ ಸಲುಗೆಯಿಂದ ಗೋಲಿಯ ಚೀಲವನ್ನು ತಾನೇ ಅಲಿಯ ಕೊರಳಿಗೆ ಕಟ್ಟಿಕೊಡುತ್ತಾನೆ. ಅಲಿ ಅದನ್ನು ಬಿಚ್ಚಿ ನೋಡಿದರೆ ಒಳಗಿರುವುದು ಬರೀ ಕಲ್ಲು.

ನಾಗರಾಜ: ನಾನಿನ್ನೂ ನಾಲ್ಕನೆಯ ಕಂತಿನಲ್ಲಿದ್ದೇನೆ ಎಂಬುದನ್ನು ಯಾರಾದರೂ ನೆನಪಿಟ್ಟುಕೊಳ್ಳಬಹುದಿತ್ತು.

ರಮೇಶ: ಅದು 2021ರ ಸರಣಿ, ನಾಗರಾಜ, ಇನ್ನೆಷ್ಟು ಕಾಯೋಣ? ಸುಧಾ, ಸಾಂಗ್-ವೂ ತನ್ನ ಬಾಲ್ಯದ ಗೆಳೆಯ, ಕಥಾನಾಯಕ ಗಿ-ಹುನ್‌ನನ್ನೂ ಬಿಟ್ಟವನಲ್ಲ. ಸಕ್ಕರೆ ಬಿಲ್ಲೆಯಿಂದ ಆಕಾರ ಬಿಡಿಸುವ ಆಟ ಬರಲಿದೆ ಎಂದು ಊಹಿಸಿಯೂ ಬಾಯಿಬಿಡಲಿಲ್ಲ. ಹಾಗಾದ ಮೇಲೆ ಮೋಸಕ್ಕೆ ಅಲಿಯ ದೇಶವೇ ಕಾರಣ ಎನ್ನುವುದು ಹೇಗೆ?

ಸುಧಾ: ಗಿ-ಹುನ್‌ನ ಮುಂದೆ ಸುಮ್ಮನಿದ್ದರೆ ಸಾಕಿತ್ತು, ಅಲಿಯನ್ನು ನಂಬಿಸಬೇಕಾಯಿತು, ಮತ್ತು ಅದು ಸುಲಭವಾಯಿತು. ಕೊರಿಯಾದಲ್ಲಿ 2004ರಿಂದ ಜಾರಿಯಲ್ಲಿರುವ ಉದ್ಯೋಗ ಪರವಾನಗಿ ವ್ಯವಸ್ಥೆಯಡಿ ಬರುವ ವಿದೇಶಿ ಕಾರ್ಮಿಕರು ತಮ್ಮಿಷ್ಟದಂತೆ ಮಾಲೀಕರನ್ನು ಬದಲಿಸುವಂತಿಲ್ಲ. ಮಾಲೀಕನ ಕೃಪೆಯಲ್ಲೇ ಬದುಕು ನಡೆಯುವ ಕಡೆಯಿಂದ ಬಂದವನಿಗೆ ಬಸ್ಸಿಗೆ ಹಣ ಕೊಟ್ಟ ಸಾಂಗ್-ವೂ ಕೂಡ ದೇವರಂತೆ ಕಾಣುತ್ತಾನೆ. ಇಷ್ಟನ್ನು ಸರಣಿ ಚೆನ್ನಾಗಿಯೇ ತೋರಿಸಿದೆ. ಅದನ್ನು ಕಾಣದ್ದು ನಿನ್ನ ಲೇಖನ. ನನ್ನ ತಕರಾರು ಬೇರೆಯೇ ಇದೆ. ಅಲಿಯನ್ನು ತೀರಾ ಒಳ್ಳೆಯವನನ್ನಾಗಿ ಮಾಡಿಬಿಟ್ಟಿದ್ದಾರೆ.

ರಮೇಶ: ಕೆಟ್ಟವನನ್ನಾಗಿ ತೋರಿಸಿದ್ದರೆ ಇನ್ನೂ ದೊಡ್ಡ ಜಗಳ ತೆಗೆಯುತ್ತಿದ್ದೆ. ದೆಹಲಿಯಿಂದ 2010ರಲ್ಲಿ ನಟನೆ ಕಲಿಯಲು ಕೊರಿಯಾಕ್ಕೆ ಹೋದ ಅನುಪಮ್ ತ್ರಿಪಾಠಿಗೆ ಇಷ್ಟು ತೂಕದ ಪಾತ್ರ ಸಿಕ್ಕಿದ್ದೇ ದೊಡ್ಡದಲ್ಲವೇ?

ವಸುಧಾ: ಪಾಕಿಸ್ತಾನದವನ ಪಾತ್ರಕ್ಕೆ ಭಾರತದ ನಟ, ಎರಡನೆಯ ಭಾಗದ ಟ್ರಾನ್ಸ್ ಮಹಿಳೆ ಹ್ಯುನ್-ಜು ಪಾತ್ರಕ್ಕೆ ಪುರುಷ ನಟ. ಬಹಿರಂಗವಾಗಿ ಗುರುತಿಸಿಕೊಂಡ ಟ್ರಾನ್ಸ್ ಕಲಾವಿದರು ಕೊರಿಯಾದಲ್ಲಿ ಸಿಗುವುದೇ ಕಷ್ಟ ಎಂದು ನಿರ್ದೇಶಕರು ಸಮಜಾಯಿಷಿ ಕೊಟ್ಟಿದ್ದರು. ಅದು ನಿಜವೇ ಇರಬಹುದು, ಆದರೆ ಎಲ್ಲರಿಗೂ ಜಾಗ ಸಿಕ್ಕಿದೆ ಎಂಬ ಹೊಗಳಿಕೆಗೆ ಅದು ಹೊಂದುವುದಿಲ್ಲ.

ರಮೇಶ: ಹಾಗಿದ್ದರೆ ಅಲಿಯೂ ಮೋಸ ಮಾಡಬೇಕಿತ್ತೇ, ಸುಧಾ?

ಸುಧಾ: ಒಂದು ಸುಳ್ಳನ್ನಾದರೂ ಹೇಳಬಹುದಿತ್ತು. ಅದೇ ಕಂತಿನಲ್ಲಿ ಗಿ-ಹುನ್ ಮರೆವಿನ ಮುದುಕನಿಗೆ ಸುಳ್ಳು ಹೇಳಿ ಗೋಲಿ ಗೆಲ್ಲುತ್ತಾನೆ. ಪಾಪ, ಜೀವಭಯ ಎಂದು ನಾವೆಲ್ಲ ಅವನನ್ನು ಕ್ಷಮಿಸಿದೆವು. ಅಲಿ ಹಾಗೆ ಮಾಡಿದ್ದರೆ ಕ್ಷಮಿಸುತ್ತಿದ್ದೆವೇ?

ರಮೇಶ: ಆ ಕಂತನ್ನು ಇಂದು ರಾತ್ರಿ ಇನ್ನೊಮ್ಮೆ ನೋಡುತ್ತೇನೆ. ಲೇಖನವನ್ನು ಮಾತ್ರ ಅಳಿಸುವುದಿಲ್ಲ.

ನಾಗರಾಜ: ನಾನಿನ್ನು ನೋಡುವುದಾದರೂ ಏನುಳಿದಿದೆ?