ಹಡಗು ಕಾಯುವುದಿಲ್ಲ, ರೈಲು ಇದೆ

ವಾಟ್ಸಾಪ್ ಗುಂಪು: ಹಳೇಮನೆ ಬಳಗ

ಮೋಹನ ಚಿಕ್ಕಪ್ಪ: (ಫಾರ್ವರ್ಡ್ ಮಾಡಿದ ವಿಡಿಯೋ. ಬಂದರಿನ ಕಟ್ಟೆಯ ಮೇಲೆ ಗಂಡ ಹೆಂಡತಿ ಓಡುತ್ತಿದ್ದಾರೆ, ಹಡಗು ಆಗಲೇ ಕಟ್ಟೆ ಬಿಟ್ಟಿದೆ.)

ಮೋಹನ ಚಿಕ್ಕಪ್ಪ: ಅಣ್ಣ, ಅತ್ತಿಗೆ, ಇದನ್ನು ಪೂರ್ತಿ ನೋಡಿ. ಇಟಲಿಯಲ್ಲಿ ನೀವಿಬ್ಬರೇ ಹಡಗಿನಿಂದ ಇಳಿದು, ರೈಲು ಹಿಡಿದು ಹಳ್ಳಿ ನೋಡಲು ಹೋಗುತ್ತೀರಂತೆ. ನನಗೆ ಒಂಚೂರೂ ಸರಿ ಕಾಣುತ್ತಿಲ್ಲ. ಹಡಗಿನವರದೇ ಟೂರ್ ತಗೊಳ್ಳಿ. ದುಡ್ಡಿನ ಯೋಚನೆಯಾದರೆ ನಾನು ಕೊಡುತ್ತೇನೆ.

ವಿನಯ: ಮಾವ, ಈ ವಿಡಿಯೋ ಇಟಲಿಯದೇ ಅಲ್ಲ ಅನ್ನಿಸುತ್ತದೆ. ಹಿಂದೆ ತೆಂಗಿನ ಮರ ಕಾಣಿಸುತ್ತಿದೆ ನೋಡಿ.

ಮೋಹನ ಚಿಕ್ಕಪ್ಪ: ಎಲ್ಲಿಯದಾದರೇನು ವಿನಯ, ಹಡಗು ಬಿಟ್ಟು ಹೋಗಿದ್ದು ನಿಜ ತಾನೇ?

ಚೈತ್ರ: ನಿಜ ಚಿಕ್ಕಪ್ಪ. ಹೇಳಿದ ಹೊತ್ತಿಗೆ ಬರದಿದ್ದರೆ ಹಡಗು ಹೊರಟುಬಿಡುತ್ತದೆ. ಹಡಗಿನವರೇ ಏರ್ಪಾಡು ಮಾಡಿದ ಟೂರ್ ತಡವಾದರೆ ಕಾಯುತ್ತಾರೆ, ಇಲ್ಲವೇ ಮುಂದಿನ ಬಂದರಿಗೆ ತಾವೇ ತಲುಪಿಸುತ್ತಾರೆ. ನಮ್ಮ ಪಾಡಿಗೆ ನಾವು ಹೋದರೆ ಆ ಭರವಸೆ ಇಲ್ಲ. ಇದರಲ್ಲಿ ನನ್ನ ತಕರಾರು ಏನೂ ಇಲ್ಲ. ನಾನು ಕೇಳುವುದು ಇಷ್ಟೇ. ಎಲ್ಲಾ ಬಂದರಿಗೂ ಒಂದೇ ಅಳತೆ ಹಾಕುವುದು ಸರಿಯಾ?

ದೊಡ್ಡಪ್ಪನವರ ಹಡಗು ಇಟಲಿಯಲ್ಲಿ ನಿಲ್ಲುವುದು ಎರಡು ಕಡೆ, ಚಿವಿತಾವೆಕ್ಕಿಯಾ ಮತ್ತು ಲಾ ಸ್ಪೆಟ್ಸಿಯಾ. ಚಿವಿತಾವೆಕ್ಕಿಯಾ ಅಂದರೆ ರೋಮ್‌ಗೆ ಹೋಗುವವರ ಬಂದರು. ಆದರೆ ರೋಮ್ ಇರುವುದು ಅಲ್ಲಿಂದ ಸುಮಾರು 70–80 ಕಿ.ಮೀ. ದೂರ. ಅಲ್ಲಿ ಹಡಗಿನ ಬಸ್ಸೇ ಹಿಡಿಯಿರಿ ಅಂತ ನಾನೇ ಹೇಳಿದ್ದೇನೆ, ದೊಡ್ಡಮ್ಮನನ್ನು ಕೇಳಿ. ಲಾ ಸ್ಪೆಟ್ಸಿಯಾದ ಲೆಕ್ಕ ಬೇರೆ. ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಹತ್ತು ನಿಮಿಷದೊಳಗೆ ಚಿಂಕ್ವೆ ತೆರ್ರೆಯ, ಅಂದರೆ ನೀವು ನೋಡಬೇಕು ಅಂದ ಕಡಲತಡಿಯ ಐದು ಹಳ್ಳಿಗಳ, ಮೊದಲನೇ ಹಳ್ಳಿ ರಿಯೊಮಜ್ಜೋರೆ. ಐದನೆಯದು, ಮೊಂತೆರೊಸ್ಸೊ, ಅದಕ್ಕೆ ಅರ್ಧ ಗಂಟೆಯೂ ಬೇಡ. ದೂರವೇ ಇಲ್ಲದ ಕಡೆ ದೂರದ ಭಯ ಯಾಕೆ?

ದೊಡ್ಡಪ್ಪ: ಲೈನು ಯಾವುದು? ಸಿಂಗಲ್ಲೋ ಡಬಲ್ಲೋ?

ಚೈತ್ರ: ಡಬಲ್ ಲೈನ್ ದೊಡ್ಡಪ್ಪ. ಜಿನೋವಾದಿಂದ ಕಡಲ ಅಂಚಿನಲ್ಲೇ ಬರುವ ಮುಖ್ಯ ಲೈನು. 1874ರಲ್ಲಿ ಲಾ ಸ್ಪೆಟ್ಸಿಯಾ ತನಕ ಪೂರ್ತಿಯಾಯಿತು. ಈ ಐದು ಹಳ್ಳಿಗಳ ಹತ್ತಿರ ಮುಕ್ಕಾಲು ಪಾಲು ಸುರಂಗವೇ. ಸುರಂಗ ಮುಗಿಯಿತು ಅನ್ನುವಷ್ಟರಲ್ಲಿ ಕಿಟಕಿಯಲ್ಲಿ ಒಂದು ತುಂಡು ಸಮುದ್ರ, ಮತ್ತೆ ಸುರಂಗ. ಪ್ರವಾಸಿಗರು ಜಾಸ್ತಿ ಬರುವ ತಿಂಗಳುಗಳಲ್ಲಿ ಗಂಟೆಗೆ ಮೂರು ನಾಲ್ಕು ಲೋಕಲ್ ರೈಲು ಇರುತ್ತವೆ. ಐದು ಹಳ್ಳಿಯಲ್ಲೂ ನಿಲ್ಲುತ್ತವೆ.

ದೊಡ್ಡಪ್ಪ: ಹಾಗಾದರೆ ಒಂದು ತಪ್ಪಿದರೆ ಇನ್ನೊಂದು ಇದೆ. ಸರಿ. ಆದರೆ ಮುಷ್ಕರ ಆದರೆ? ಕೆಲಸದಲ್ಲಿದ್ದಾಗ ಎಷ್ಟು ಮುಷ್ಕರ ನೋಡಿದ್ದೇನೆ ನಾನು.

ಮೋಹನ ಚಿಕ್ಕಪ್ಪ: ಕೇಳು ಅಣ್ಣ, ಅದನ್ನೇ ಕೇಳು.

ಚೈತ್ರ: ಇದು ಸರಿಯಾದ ಪ್ರಶ್ನೆ. ಆ ವಿಡಿಯೋಗಿಂತ ಇದಕ್ಕೇ ಹೆದರಬೇಕು. ಇಟಲಿಯಲ್ಲಿ ರೈಲು ಮುಷ್ಕರ ಆಗಾಗ ಆಗುತ್ತದೆ. ಆದರೆ ಮೊದಲೇ ಘೋಷಣೆ ಮಾಡುತ್ತಾರೆ. ಅಲ್ಲಿನ ಸಾರಿಗೆ ಸಚಿವಾಲಯದ ವೆಬ್‌ಸೈಟಿನಲ್ಲಿ ಮುಂದೆ ಬರುವ ಮುಷ್ಕರಗಳ ಪಟ್ಟಿಯೇ ಇರುತ್ತದೆ. ಕೆಲಸದ ದಿನಗಳಲ್ಲಿ ಮುಷ್ಕರವಿದ್ದರೂ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಒಂದಷ್ಟು ಲೋಕಲ್ ರೈಲು ಓಡಲೇಬೇಕು. ನಮಗೆ ತೊಂದರೆ ಆಗುವುದು ಇಲ್ಲೇ. ಬೆಳಿಗ್ಗೆ ಎಂಟೂವರೆಯ ರೈಲಿನಲ್ಲಿ ಆರಾಮಾಗಿ ಹೋಗಿಬಿಡಬಹುದು, ಮಧ್ಯಾಹ್ನ ವಾಪಸ್ ಬರಲು ರೈಲೇ ಇರುವುದಿಲ್ಲ. ಸಂಜೆ ಆರಕ್ಕೆ ರೈಲು ಶುರುವಾಗುವ ಹೊತ್ತಿಗೆ ಹಡಗು ಹೊರಟಿರುತ್ತದೆ.

ಅದಕ್ಕೇ ಹೇಳುತ್ತಿದ್ದೇನೆ, ಮುಷ್ಕರದ ದಿನವಾದರೆ ಹಳ್ಳಿಗೆ ಹೋಗುವುದೇ ಬೇಡ. ಲಾ ಸ್ಪೆಟ್ಸಿಯಾದಲ್ಲೇ ಸುತ್ತಾಡಿ. ಬೆಳಿಗ್ಗೆ ದೊಡ್ಡ ಮಾರ್ಕೆಟ್ ಇರುತ್ತದೆ, ತರಕಾರಿ, ಮೀನು, ಚೀಸ್ ಎಲ್ಲಾ. ದೊಡ್ಡಮ್ಮನಿಗೆ ಅಲ್ಲೇ ಅರ್ಧ ದಿನ ಕಳೆಯುತ್ತದೆ.

ವಿನಯ: ದೋಣಿಯೂ ಇದೆ ಅಲ್ವಾ? ನಾವು ಹೋಗಿದ್ದಾಗ ನೋಡಿದ್ದೆ.

ಚೈತ್ರ: ಇದೆ. ಪೋರ್ತೊವೆನೆರೆ ಅನ್ನುವ ಊರಿನ ಮೇಲೆ ಹೋಗುತ್ತದೆ. ಕಡಲಿನ ಕಡೆಯಿಂದ ಆ ಹಳ್ಳಿಗಳನ್ನು ನೋಡುವುದು ತುಂಬಾ ಚೆಂದ. ಆದರೆ ವಾಪಸ್ ಬರಲು ದೋಣಿಯನ್ನು ನಂಬಬೇಡಿ. ಅಲೆ ಜೋರಾದರೆ ನಿಲ್ಲಿಸಿಬಿಡುತ್ತಾರೆ. ಹೋಗುವಾಗ ದೋಣಿ, ಬರುವಾಗ ರೈಲು ಅಂತಾದರೆ ಸರಿ.

ಮೋಹನ ಚಿಕ್ಕಪ್ಪ: ನೋಡು ಪುಟ್ಟಿ, ನೀನು ಜಿನೋವಾದಲ್ಲಿ ಓದಿದವಳು, ನಿನಗೆ ಆ ಭಾಷೆ ಬರುತ್ತದೆ, ಓಡಿ ರೈಲು ಹತ್ತುತ್ತೀಯ. ಅಣ್ಣನಿಗೆ ಎಪ್ಪತ್ತು ದಾಟಿದೆ. ಅತ್ತಿಗೆಯ ಮಂಡಿ ಏನು ಸ್ಥಿತಿಯಲ್ಲಿದೆ ಅಂತ ನಿನಗೆ ಗೊತ್ತು. ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿ ಕರೆತರುತ್ತಾರೆ ಅಂದರೆ ಅದಕ್ಕಿಂತ ಇನ್ನೇನು ಬೇಕು?

ವಿನಯ: ಮೋಹನ ಮಾವ, ಇಲ್ಲಿ ನಾನು ಒಂದು ಮಾತು ಹೇಳಲೇಬೇಕು. ಅಮ್ಮನನ್ನು ಕರೆದುಕೊಂಡು ಹೋಗಿದ್ದಾಗ ನಾವು ತಗೊಂಡಿದ್ದು ಹಡಗಿನ ಟೂರೇ. ಬಸ್ಸು ಹಳ್ಳಿಯೊಳಗೆ ಹೋಗುವುದಿಲ್ಲ, ಆ ಕಡಿದಾದ ಗುಡ್ಡದಲ್ಲಿ ದೊಡ್ಡ ಬಸ್ಸಿಗೆ ಜಾಗ ಎಲ್ಲಿ? ಕೊನೆಗೆ ನಮ್ಮನ್ನೂ ರೈಲಿಗೇ ಹತ್ತಿಸಿದರು. ನಲವತ್ತು ಜನ, ಮುಂದೆ ಒಬ್ಬರು ಕೋಲು ಎತ್ತಿ ಹಿಡಿದುಕೊಂಡು. ಒಬ್ಬರು ಟಾಯ್ಲೆಟ್ಟಿಗೆ ಹೋದರೆ ಉಳಿದವರೆಲ್ಲ ಬಿಸಿಲಲ್ಲಿ ನಿಲ್ಲಬೇಕು. ಅಮ್ಮನಿಗೆ ಕೂರಬೇಕು ಅನ್ನಿಸಿದಾಗ ಕೂರಲು ಬಿಡಲಿಲ್ಲ, "ಗುಂಪು ಮುಂದೆ ಹೋಗುತ್ತಿದೆ" ಅಂದರು. ಮಂಡಿ ನೋವಿರುವವರಿಗೆ ಗುಂಪಿನ ನಡಿಗೆಯೇ ಕಷ್ಟ.

ಚೈತ್ರ: ಚಿಕ್ಕಪ್ಪ, ವಿನಯ ಹೇಳಿದ್ದೇ ನನ್ನ ಮಾತು ಕೂಡ. ವಯಸ್ಸಾಗಿದೆ ಅನ್ನುವ ಕಾರಣಕ್ಕೇ ತಮ್ಮ ಪಾಡಿಗೆ ಹೋಗಲಿ ಅನ್ನುತ್ತಿದ್ದೇನೆ. ದಣಿದಾಗ ಕೂರಬಹುದು. ಸಾಕು ಅನ್ನಿಸಿದಾಗ ವಾಪಸ್ ಹೊರಡಬಹುದು. ಐದೂ ಹಳ್ಳಿ ನೋಡಿ ಮುಗಿಸಬೇಕು ಅಂತ ಯಾರೂ ಬೆನ್ನು ಹತ್ತುವುದಿಲ್ಲ.

ಯಾವ ಹಳ್ಳಿ ಬೇಡ ಅಂತಲೂ ಹೇಳುತ್ತೇನೆ. ಕೊರ್ನಿಲ್ಯಾ ಬೇಡವೇ ಬೇಡ. ಐದರಲ್ಲಿ ಅದೊಂದೇ ನೀರಿನ ಅಂಚಿನಲ್ಲಿಲ್ಲ, ಸುಮಾರು ನೂರು ಮೀಟರ್ ಎತ್ತರದ ಗುಡ್ಡದ ತಲೆ ಮೇಲಿದೆ. ಸ್ಟೇಷನ್ನಿನಿಂದ ಹತ್ತಲು ಸುಮಾರು 380 ಮೆಟ್ಟಿಲು. ಸಣ್ಣ ಬಸ್ಸು ಇದೆ, ಆದರೆ ರಶ್ ಇದ್ದರೆ ಅದಕ್ಕೂ ಕಾಯಬೇಕು. ರಿಯೊಮಜ್ಜೋರೆ ಕೂಡ ಏರು ಇಳಿಜಾರು ಜಾಸ್ತಿ. ವೆರ್ನಾತ್ಸಾ ಹಾಗಲ್ಲ. ಸ್ಟೇಷನ್ನಿನಿಂದ ಇಳಿದರೆ ಒಂದೇ ಬೀದಿ, ಸಣ್ಣ ಇಳಿಜಾರು, ನೇರ ಪುಟ್ಟ ಬಂದರಿಗೆ ಹೋಗಿ ಮುಟ್ಟುತ್ತದೆ. ಅಲ್ಲಿ ಕಡಲಿಗೆ ಅಂಟಿಕೊಂಡೇ ಸಾಂತಾ ಮಾರ್ಗರಿತಾ ಚರ್ಚು, ಮೇಲೆ ಹಳೇ ಕೋಟೆಯ ಗೋಪುರ, ಬಣ್ಣಬಣ್ಣದ ಮನೆಗಳು, ಮುಂದೆ ದೋಣಿಗಳು. ದೊಡ್ಡಮ್ಮ ಅಲ್ಲಿ ಕಲ್ಲಿನ ಮೇಲೆ ಕೂತರೆ ಸಾಕು, ನೋಡುವುದೆಲ್ಲ ಕಣ್ಣೆದುರಿಗೇ ಇದೆ. ಮೊಂತೆರೊಸ್ಸೊ ಇನ್ನೂ ಸಮತಟ್ಟು, ಮರಳಿನ ದಂಡೆ ಇದೆ.

ದೊಡ್ಡಮ್ಮ: ಚೈತ್ರ, ಆ ಪ್ರೀತಿಯ ದಾರಿ ಅಂತ ಒಂದು ಇದೆಯಂತಲ್ಲ, ಬಂಡೆಯ ಪಕ್ಕದಲ್ಲೇ ನಡೆಯುವುದು. ಟಿವಿಯಲ್ಲಿ ತೋರಿಸಿದ್ದರು.

ಚೈತ್ರ: ವಿಯಾ ದೆಲ್ಲಾಮೋರೆ, ದೊಡ್ಡಮ್ಮ. ರಿಯೊಮಜ್ಜೋರೆಯಿಂದ ಮನಾರೋಲಾಕ್ಕೆ. ಒಂದು ಕಿಲೋಮೀಟರೂ ಇಲ್ಲ. 2012ರಲ್ಲಿ ಬಂಡೆ ಕುಸಿದು ಕೆಲವು ಪ್ರವಾಸಿಗರಿಗೆ ಪೆಟ್ಟಾಯಿತು, ಆಗ ಮುಚ್ಚಿದ್ದು ಪೂರ್ತಿ ತೆರೆದದ್ದು 2024ರಲ್ಲಿ. ಅದಕ್ಕೆ ಬೇರೆ ಟಿಕೆಟ್, ಮೊದಲೇ ಹೊತ್ತು ಗೊತ್ತು ಮಾಡಿಕೊಂಡು ತಗೊಳ್ಳಬೇಕು. ಹಡಗಿನಿಂದ ಎಷ್ಟು ಹೊತ್ತಿಗೆ ಇಳಿಸುತ್ತಾರೋ ಗೊತ್ತಿಲ್ಲದೆ ಅದನ್ನು ತಗೊಂಡರೆ ಇಡೀ ಬೆಳಿಗ್ಗೆ ಗಡಿಯಾರ ನೋಡುವುದೇ ಆಗುತ್ತದೆ. ನನ್ನ ಮಾತು ಕೇಳಿದರೆ ಈ ಸಲ ಬಿಡಿ.

ದೊಡ್ಡಮ್ಮ: ಬಿಟ್ಟೆ. ಊಟ?

ಚೈತ್ರ: ಫಾರಿನಾತಾ ಕೇಳಿ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ, ಅಷ್ಟೇ. ದೊಡ್ಡ ತಟ್ಟೆಯಲ್ಲಿ ಹುಯ್ದು ಸೌದೆ ಒಲೆಯಲ್ಲಿ ಬೇಯಿಸುತ್ತಾರೆ. ಲಾ ಸ್ಪೆಟ್ಸಿಯಾದಲ್ಲಿ ಅದರದೇ ಅಂಗಡಿಗಳಿವೆ. ಫೊಕಾಚ್ಚಾ ಬ್ರೆಡ್ಡೂ ಆಗುತ್ತದೆ, ಮೇಲೆ ಆಂಚೊವಿ ಮೀನು ಇಲ್ಲವಲ್ಲ ಅಂತ ಕೇಳಿಕೊಳ್ಳಿ. ಮೊಂತೆರೊಸ್ಸೊ ಆ ಮೀನಿಗೇ ಹೆಸರುವಾಸಿ. ಪೆಸ್ಟೊ ನೋಡಲು ನಮ್ಮ ಕೊತ್ತಂಬರಿ ಚಟ್ನಿಯ ಹಾಗೇ ಇರುತ್ತದೆ, ಆದರೆ ಅದರಲ್ಲಿ ಹಾಕುವ ಪಾರ್ಮೆಸಾನ್ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್, ಅಂದರೆ ಹಾಲು ಒಡೆಸುವ ಹೆಪ್ಪು, ಹಾಕಿ ಮಾಡುತ್ತಾರೆ. ನೀವು ಕಟ್ಟುನಿಟ್ಟಿನ ಸಸ್ಯಾಹಾರಿ, ಅದಕ್ಕೆ ಹೇಳಿದೆ.

ದೊಡ್ಡಮ್ಮ: ಒಳ್ಳೆಯದಾಯಿತು ಹೇಳಿದ್ದು. ಹಡಗಿನಲ್ಲೂ ಇದನ್ನು ಕೇಳಬೇಕು.

ಮೋಹನ ಚಿಕ್ಕಪ್ಪ: ಊಟಕ್ಕೆ ಹೋಗಿಬಿಟ್ಟಿರಿ ಎಲ್ಲರೂ. ನನ್ನ ಪ್ರಶ್ನೆ ಹಾಗೇ ಇದೆ. ಕೊನೆಗೂ ತಡವಾದರೆ ಏನು ಗತಿ? ಪಾಸ್‌ಪೋರ್ಟ್, ಮಾತ್ರೆ, ಬಟ್ಟೆ ಎಲ್ಲಾ ಹಡಗಿನಲ್ಲಿ.

ಚೈತ್ರ: ಮಾತ್ರೆ ಕೈಚೀಲದಲ್ಲಿ ಇರಲಿ, ಎರಡು ದಿನಕ್ಕಾಗುವಷ್ಟು. ಪಾಸ್‌ಪೋರ್ಟ್, ವೀಸಾ ಪುಟದ ಫೋಟೋ ಇಬ್ಬರ ಫೋನಿನಲ್ಲೂ ಇರಲಿ. ಹಡಗಿನಲ್ಲಿ ದಿನಾ ಕೊಡುವ ಕಾರ್ಯಕ್ರಮದ ಹಾಳೆಯಲ್ಲಿ ಬಂದರಿನ ಏಜೆಂಟರ ಫೋನ್ ನಂಬರ್ ಇರುತ್ತದೆ, ಅದರ ಫೋಟೋ ತೆಗೆದುಕೊಳ್ಳಿ. ಏನಾದರೂ ಆದರೆ ಮೊದಲ ಫೋನು ಅವರಿಗೇ. ಹಾಳೆಯಲ್ಲಿ ಇನ್ನೊಂದು ನೋಡಬೇಕು. ಹಡಗು ಹೊರಡುವ ಹೊತ್ತು ಬೇರೆ, ಎಲ್ಲರೂ ಒಳಗಿರಬೇಕಾದ ಹೊತ್ತು ಬೇರೆ. ನಮಗೆ ಎರಡನೆಯದೇ ಲೆಕ್ಕ. ದೊಡ್ಡಪ್ಪನ ಕೈಗಡಿಯಾರ ಹಡಗಿನ ಟೈಮಿಗೆ ಇರಲಿ.

ದೊಡ್ಡಪ್ಪ: ನಮ್ಮ ಟಿಕೆಟ್ಟಿನಲ್ಲಿ ಹಡಗು ಸಂಜೆ 6ಕ್ಕೆ ಹೊರಡುತ್ತದೆ ಅಂತಿದೆ. ಐದೂವರೆಗೆ ಒಳಗಿರಬೇಕು ಅಂದುಕೊಳ್ಳೋಣ. ಸ್ಟೇಷನ್ನಿನಿಂದ ಬಂದರಿಗೆ ಎಷ್ಟು ಹೊತ್ತು?

ಚೈತ್ರ: ನಿಮ್ಮ ನಡಿಗೆಯಲ್ಲಿ ಅರ್ಧ ಗಂಟೆ ಇಟ್ಟುಕೊಳ್ಳಿ, ಇಲ್ಲವೇ ಟ್ಯಾಕ್ಸಿ. ಬಂದರಿನ ಒಳಗೆ ನಡೆಯಲು ಬಿಡುವುದಿಲ್ಲ, ಅದು ಸರಕು ಹಡಗಿನ ಬಂದರೂ ಹೌದು. ಗೇಟಿನಿಂದ ಹಡಗಿನ ತನಕ ಶಟಲ್ ಬಸ್ಸು ಬರುತ್ತದೆ. ಅದಕ್ಕೂ ಕ್ಯೂ ಇರಬಹುದು.

ದೊಡ್ಡಪ್ಪ: ಹಾಗಾದರೆ ಮೂರಕ್ಕೆ ಲಾ ಸ್ಪೆಟ್ಸಿಯಾ ಸ್ಟೇಷನ್ನಿನಲ್ಲಿ ಇರಬೇಕು. ಅದಕ್ಕೆ ಎರಡೂವರೆಯ ಹೊತ್ತಿಗೆ ವೆರ್ನಾತ್ಸಾ ಬಿಡಬೇಕು. ಎರಡೂವರೆಯ ಗಾಡಿ ಕ್ಯಾನ್ಸಲ್ ಆದರೂ ಮೂರರದು, ಮೂರೂವರೆಯದು ಇರುತ್ತವೆ. ಎರಡೂ ಕ್ಯಾನ್ಸಲ್ ಆದರೂ ನಾಲ್ಕಕ್ಕೆ ಟ್ಯಾಕ್ಸಿ ಹುಡುಕಲು ಹೊತ್ತಿದೆ. ಮೋಹನ, ಇದು ಆಗುವ ಲೆಕ್ಕವೇ.

ಮೋಹನ ಚಿಕ್ಕಪ್ಪ: ನೀನೂ ಅವಳ ಕಡೆಗೇ ಸೇರಿಬಿಟ್ಟೆಯಾ ಅಣ್ಣ.

ದೊಡ್ಡಪ್ಪ: ಯಾರ ಕಡೆಗೂ ಅಲ್ಲಪ್ಪ. ಟೈಮ್‌ಟೇಬಲ್ ಕಡೆಗೆ. ಹಡಗಿನ ಟೂರಿನವರೂ ಅದೇ ರೈಲನ್ನೇ ಹತ್ತುವುದಾದರೆ, ರೈಲು ನಿಂತರೆ ಅವರೂ ನಿಲ್ಲುತ್ತಾರೆ.

ಮೋಹನ ಚಿಕ್ಕಪ್ಪ: ನಿಂತರೂ ಅವರಿಗಾಗಿ ಹಡಗು ಕಾಯುತ್ತದೆ. ನಿನಗಾಗಿ ಕಾಯುವುದಿಲ್ಲ. ವ್ಯತ್ಯಾಸ ಅದೇ.

ಚೈತ್ರ: ಹೌದು ಚಿಕ್ಕಪ್ಪ, ವ್ಯತ್ಯಾಸ ಅದೇ, ಅದಕ್ಕೇ ಅವರು ಅಷ್ಟು ದುಡ್ಡು ತಗೊಳ್ಳುತ್ತಾರೆ. ಆ ಭರವಸೆ ಬೇಕಾದವರು ಕೊಡಲಿ. ನಾವು ಅದೇ ಭರವಸೆಯನ್ನು ಹೊತ್ತಿನಲ್ಲಿ ಕೊಳ್ಳುತ್ತಿದ್ದೇವೆ. ಎರಡೂವರೆ ಗಂಟೆ ಸುಮ್ನೆ ಬಿಟ್ಟುಕೊಡುತ್ತಿದ್ದೇವೆ ನೋಡಿ.

ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿದೆ. ಆ ಹಳ್ಳಿಗಳು ಬರೀ ಬಣ್ಣದ ಮನೆಗಳಲ್ಲ. ಹಿಂದಿನ ಗುಡ್ಡ ನೋಡಿ, ತುದಿಯವರೆಗೂ ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಗಾರೆ ಇಲ್ಲದೆ ಕಲ್ಲು ಪೇರಿಸಿ ಗೋಡೆ ಕಟ್ಟಿ, ದ್ರಾಕ್ಷಿ ಬೆಳೆದಿದ್ದಾರೆ. ನೂರಾರು ವರ್ಷದ ದುಡಿಮೆ. 1997ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಮುಖ್ಯವಾಗಿ ಅದಕ್ಕೇ. ಈಗ ಬೇಸಾಯ ಬಿಟ್ಟವರೇ ಜಾಸ್ತಿ. ಗೋಡೆ ನೋಡಿಕೊಳ್ಳುವವರಿಲ್ಲದಿದ್ದರೆ ಮಳೆಗೆ ಮಣ್ಣು ಜಾರುತ್ತದೆ. 2011ರ ಅಕ್ಟೋಬರ್ 25ರಂದು ಸುರಿದ ಮಳೆಗೆ ವೆರ್ನಾತ್ಸಾದ ಅದೇ ಬೀದಿ ಕೆಸರಿನಲ್ಲಿ ಹೂತುಹೋಯಿತು, ಜೀವಗಳೂ ಹೋದವು. ಊರಿನವರು ಮತ್ತೆ ಎಬ್ಬಿಸಿದರು. ಅಂಥ ಕಡೆ ಫೋಟೋ ತೆಗೆದು ಓಡಿಬರುವ ಬದಲು ಒಂದೇ ಹಳ್ಳಿಯಲ್ಲಿ ಮೂರು ಗಂಟೆ ಕೂತು, ಅಲ್ಲಿನವರ ಅಂಗಡಿಯಲ್ಲಿ ತಿಂದು, ಅಲ್ಲೇ ಏನಾದರೂ ಕೊಂಡು ಬಂದರೆ ಅದು ಹೋಗಿ ಬಂದ ಹಾಗೆ. ಗುಂಪಿನಲ್ಲಿ ಅದು ಆಗುವುದಿಲ್ಲ.

ವಿನಯ: ಇದಂತೂ ನಿಜ. ನಾವು ಮೂರು ಹಳ್ಳಿ ನೋಡಿದೆವು. ಅಮ್ಮನಿಗೆ ಈಗ ಯಾವುದು ಯಾವುದು ಅಂತ ನೆನಪಿಲ್ಲ.

ಮೋಹನ ಚಿಕ್ಕಪ್ಪ: ಗುಡ್ಡ, ಗೋಡೆ ಎಲ್ಲಾ ಸರಿ. ನನಗೆ ನನ್ನ ಅಣ್ಣ ಅತ್ತಿಗೆ ಹಡಗಿನಲ್ಲಿರಬೇಕು ಸಂಜೆ. ನಾನು ಒಪ್ಪಿದೆ ಅಂತ ಅಂದುಕೊಳ್ಳಬೇಡಿ. ಹೋಗುವುದೇ ಆದರೆ ಒಂದೇ ಹಳ್ಳಿ. ಎರಡಲ್ಲ.

ದೊಡ್ಡಮ್ಮ: ಒಂದೇ ಮೋಹನ. ವೆರ್ನಾತ್ಸಾ ಸಾಕು ನನಗೆ. ಮೊಂತೆರೊಸ್ಸೊ ಬೇಡ ಚೈತ್ರ, ಮರಳಿನಲ್ಲಿ ನಡೆದರೆ ನನಗೆ ಮಂಡಿ ಹಿಡಿದುಕೊಳ್ಳುತ್ತದೆ.

ಚೈತ್ರ: ಸರಿ ದೊಡ್ಡಮ್ಮ. ಟಿಕೆಟ್ ಕಾಗದದ್ದಾದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಮೆಷಿನ್‌ಗೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಲೇಬೇಕು, ಇಲ್ಲದಿದ್ದರೆ ದಂಡ ಹಾಕುತ್ತಾರೆ. ಇಳಿಯುವಾಗಲೂ ನೋಡಿಕೊಳ್ಳಿ. ವೆರ್ನಾತ್ಸಾದ ಪ್ಲಾಟ್‌ಫಾರ್ಮಿನ ಸ್ವಲ್ಪ ಭಾಗ ಸುರಂಗದೊಳಗಿದೆ, ಕತ್ತಲೆ ಕಂಡು ಸ್ಟೇಷನ್ ಇನ್ನೂ ಬಂದಿಲ್ಲ ಅಂತ ಕೂತುಬಿಡಬೇಡಿ.

ದೊಡ್ಡಪ್ಪ: ವೆರ್ನಾತ್ಸಾ ನಾಲ್ಕನೇ ಸ್ಟೇಷನ್ ತಾನೇ? ಎಣಿಸಿಕೊಳ್ಳುತ್ತೇನೆ.

ಮೋಹನ ಚಿಕ್ಕಪ್ಪ: ಅಲ್ಲಿ ಮಧ್ಯಾಹ್ನ ಎರಡೂವರೆ ಅಂದರೆ ಇಲ್ಲಿ ಎಷ್ಟು?

ಚೈತ್ರ: ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ. ಇಲ್ಲಿ ಸಂಜೆ ಆರು.

ಮೋಹನ ಚಿಕ್ಕಪ್ಪ: ಆರಕ್ಕೆ ನಾನು ಫೋನ್ ಮಾಡುತ್ತೇನೆ. ರೈಲು ಹತ್ತಿರಬೇಕು.

ದೊಡ್ಡಮ್ಮ: ಸುರಂಗದಲ್ಲಿ ಫೋನು ಸಿಗುವುದಿಲ್ಲ ಮೋಹನ. ಆರೂವರೆಗೆ ಮಾಡು.