ಕಿವಿ ಹಿಂದಿನ ಎಲುಬಿನ ಸೋಂಕು: ರೋಗದ ಕೋಡ್ ಎಚ್70.0 ಸಾಕೋ, ಎಚ್70.011 ಬೇಕೋ?

ದಾಖಲೆ ವಿಭಾಗ, ಶಿರಸಿ:
ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಮ್ಯಾಸ್ಟಾಯ್ಡೈಟಿಸ್’ (ಕಿವಿ ಹಿಂದಿನ ಮ್ಯಾಸ್ಟಾಯ್ಡ್ ಎಲುಬಿನ ಸೋಂಕು) ಅಂತಷ್ಟೇ ಇದೆ. ಮಗುವಿಗೆ 6 ವರ್ಷ, 18 ಕಿಲೋ. ಆಪರೇಶನ್ ನೋಟಿನಲ್ಲಿ ಬಲಗಿವಿ ಹಿಂದಿನ ಬಾವು ಕೊಯ್ದು ಕೀವು ತೆಗೆದದ್ದು ಬರೆದಿದ್ದಾರೆ. ಎಚ್70.011 ಹಾಕಿದರೆ ಸಾಫ್ಟ್‌ವೇರ್ ತೆಗೆದುಕೊಳ್ಳುವುದಿಲ್ಲ, ಎಚ್70.0 ತೆಗೆದುಕೊಳ್ಳುತ್ತದೆ. ಇನ್ನೊಂದು ಕೇಸಿನಲ್ಲಿ ಸಿಟಿ ಸ್ಕ್ಯಾನ್ ರಿಪೋರ್ಟ್ ಮಾತ್ರ ‘ಮ್ಯಾಸ್ಟಾಯ್ಡಿನಲ್ಲಿ ದ್ರವ’ ಅನ್ನುತ್ತದೆ. ಅದಕ್ಕೂ ಇದೇ ಕೋಡೇ?

ಕೋಡಿಂಗ್, ಕಾರವಾರ:
ಮೇಡಂ, ಅವೆರಡೂ ಬೇರೆ ಬೇರೆ ಪಟ್ಟಿಯವು. ನಿಮ್ಮ ಸಾಫ್ಟ್‌ವೇರಿನಲ್ಲಿರುವುದು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಕೋಡ್ ಪಟ್ಟಿ ಐಸಿಡಿ-10; ಅದರಲ್ಲಿ ಮ್ಯಾಸ್ಟಾಯ್ಡ್ ಬಾವು ಎಚ್70.0ರೊಳಗೇ ಬರುತ್ತದೆ, ಎಡ-ಬಲ ಇಲ್ಲ. ಎಚ್70.011 ಅಮೆರಿಕದ ಐಸಿಡಿ-10-ಸಿಎಂನದು: ಎಲುಬಿನ ಪೊರೆಯ ಕೆಳಗಿನ ಬಾವು, ಬಲಗಿವಿ. ಎಡಗಿವಿಗೆ ಕೊನೆಯ ಅಂಕಿ 2.

ಅಮೆರಿಕದ ಫೈಲು ಮಾಡುವವರು ಇಲ್ಲೇ ಎಡವುವುದು: ಒಂದು ಸೊನ್ನೆ ಬಿಟ್ಟು ಎಚ್70.11 ಎಂದು ಒತ್ತಿದರೆ ಹೊಸ ಸೋಂಕು ದೀರ್ಘಕಾಲದ್ದಾಗಿಬಿಡುತ್ತದೆ. ಎರಡೂ ನಿಜವಾದ ಕೋಡುಗಳೇ ಆದ್ದರಿಂದ ಸಾಫ್ಟ್‌ವೇರ್ ತಡೆಯುವುದಿಲ್ಲ.

ಬರೀ ‘ಮ್ಯಾಸ್ಟಾಯ್ಡೈಟಿಸ್’ ಎಂದರೆ ಎಚ್70.9. ಬಾವು ಎಲುಬಿನದೋ, ದುಗ್ಧಗ್ರಂಥಿಯದೋ, ಚರ್ಮದ್ದೋ ಎಂದು ನಾವು ಊಹಿಸುವಂತಿಲ್ಲ, ಸರ್ಜನ್‌ರನ್ನೇ ಕೇಳಿ. ಕ್ಷಯದ್ದಾದರೆ ಎ18.0, ಜತೆಗೆ ಎಚ್75.0.

ಇಎನ್‌ಟಿ, ಕುಮಟಾ:
ಸಿಟಿಯ ದ್ರವವೊಂದೇ ಇದ್ದರೆ ಕೋಡ್ ಬೇಡ. ಮಾಮೂಲಿ ಕಿವಿ ಸೋಂಕಿನಲ್ಲೂ ಆ ಎಲುಬಿನೊಳಗಿನ ಗಾಳಿಗೂಡುಗಳಲ್ಲಿ ದ್ರವ ತುಂಬುತ್ತದೆ. ಗೂಡುಗಳ ನಡುವಿನ ತೆಳು ಎಲುಬುಗೋಡೆ ಕರಗಿದ್ದರೆ ಮಾತು ಬೇರೆ. ರೋಗಿಯಲ್ಲಿ ನೋಡಬೇಕಾದ್ದು ಕಿವಿ ಹಿಂದೆ ಒತ್ತಿದರೆ ನೋವು, ಕೆಂಪು, ಕಿವಿ ಮುಂದಕ್ಕೂ ಕೆಳಕ್ಕೂ ತಳ್ಳಿದಂತೆ ನಿಲ್ಲುವುದು, ಕಿವಿಯೊಳಗಿನ ನಾಳದ ಮೇಲ್ಗೋಡೆ ಹಿಂಬದಿಯಲ್ಲಿ ಜೋತು ಬೀಳುವುದು. ಕಿವಿಹಾಲೆ ಎಳೆದರೆ ಹೆಚ್ಚು ನೋವಾದರೆ ನಾಳದ ಕುರುವಿನ ಕಡೆ ಯೋಚಿಸಿ.

ಈ ಮಗುವಿಗೆ ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯಾಟಿಕ್ ಕಿಲೋಗೆ ದಿನಕ್ಕೆ 50–100 ಮಿ.ಗ್ರಾಂ, ಅಂದರೆ 900–1800 ಮಿ.ಗ್ರಾಂ, ರಕ್ತನಾಳದ ಮೂಲಕ. ಅದೇ ಲೈನಿನಲ್ಲಿ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಬೇಡವೇ ಬೇಡ, ಅದರ ಕ್ಯಾಲ್ಸಿಯಂ ಜತೆ ಔಷಧ ಹೆಪ್ಪುಗಟ್ಟಿ ತಳಕ್ಕಿಳಿಯುತ್ತದೆ. ಕಿವಿಯ ತಮಟೆ ಸೀಳಿ ತೆಗೆದ ಕೀವು ಕಲ್ಚರ್‌ಗೆ ಹೋಗಲಿ. 48 ಗಂಟೆಯಲ್ಲಿ ಜ್ವರ, ಊತ ಇಳಿಯದಿದ್ದರೆ ಮ್ಯಾಸ್ಟಾಯ್ಡೆಕ್ಟಮಿ, ಅಂದರೆ ಸೋಂಕಾದ ಆ ಎಲುಬುಗೂಡುಗಳನ್ನು ತೆಗೆಯುವ ಆಪರೇಶನ್. ವರ್ಷಗಟ್ಟಲೆ ಸೋರುವ ಕಿವಿಯಾದರೆ ಸೂಡೊಮೋನಾಸ್ ಎಂಬ ಬ್ಯಾಕ್ಟೀರಿಯಾ ಇರಬಹುದು, ಸೆಫ್ಟ್ರಿಯಾಕ್ಸೋನ್ ಅದಕ್ಕೆ ಸಾಲದು.

ತಲೆನೋವು, ವಾಂತಿ, ಚಳಿ ನಡುಕದ ಜ್ವರ, ಬಾಯಿ ಸೊಟ್ಟಗಾಗುವುದು ಕಂಡರೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಕಳಿಸುವ ಮುನ್ನವೇ ಮೊದಲ ಡೋಸ್ ಕೊಡಿ. ಅಲ್ಲಿ ತಲುಪುವವರೆಗೆ ಕಾಯಿಸಬೇಡಿ. ತಮಟೆಯಲ್ಲಿ ತೂತಿರುವ ಕಿವಿಗೆ ಕೊಬ್ಬರಿ ಎಣ್ಣೆ ಬಿಡದಂತೆ ಮನೆಯವರಿಗೂ ಹೇಳಿ.

ದಾಖಲೆ ವಿಭಾಗ, ಶಿರಸಿ:
ಧನ್ಯವಾದ ಸರ್. ‘ಬಾವು ಎಲುಬಿನ ಪೊರೆಯ ಕೆಳಗಿತ್ತಾ?’ ಎಂದು ಸರ್ಜನ್‌ಗೆ ಬರೆಯಲೇ?

ಕೋಡಿಂಗ್, ಕಾರವಾರ:
ಬೇಡ, ಹಾಗೆ ಕೇಳಿದರೆ ಉತ್ತರವನ್ನು ನಾವೇ ಬಾಯಿಗಿಟ್ಟ ಹಾಗೆ. ‘ಬಾವು ಎಲ್ಲಿತ್ತು, ಸೋಂಕು ಹೊಸದೋ ಹಳೆಯದೋ, ಯಾವ ಕಿವಿ, ಬೇರೆ ತೊಡಕಿತ್ತೇ’ ಎಂದು ಬರೆಯಿರಿ. ಉತ್ತರವನ್ನು ಸಹಿ, ತಾರೀಖಿನೊಡನೆ ಫೈಲಿಗೆ ಸೇರಿಸಿದ ಮೇಲೆಯೇ ಕೋಡ್.