'ಮಿಸ್ಸಿಂಗ್' ಫೋಲ್ಡರ್: ಕಾಣೆಯಾದದ್ದೋ, ಇಲ್ಲದ್ದೋ?

ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆಯೊಳಗೆ ಒಂದು ಸಾಲು ಬೇಕು. ಫೈಲ್‌ಗಳನ್ನು ಸರ್ವರ್‌ಗೆ ಏರಿಸುವ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಒಂದರ ಸೆಟ್ಟಿಂಗ್ಸ್ ಪುಟವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ 'ಕ್ರಿಯೇಟ್ ಮಿಸ್ಸಿಂಗ್ ರಿಮೋಟ್ ಫೋಲ್ಡರ್ಸ್' ಅಂತ ಒಂದು ಟಿಕ್ ಬಾಕ್ಸ್ ಇದೆ. ಫೈಲ್ ಹೋಗಬೇಕಾದ್ದು 'ವರದಿ/2024/ಜೂನ್' ಒಳಗೆ ಅಂತಿಟ್ಟುಕೊಳ್ಳಿ. ಆ ಕಡೆ '2024' ಅನ್ನೋದೇ ಇಲ್ಲದಿದ್ದರೆ, ಅಲ್ಲಿಗೆ ಹೋಗು ಅಂದ ಕೂಡಲೇ ಎಫ್‌ಟಿಪಿ (ಫೈಲ್ ಸಾಗಿಸುವ ವಿಧಾನ) ಸರ್ವರ್ 550, ಅಂದರೆ 'ಆಗಲ್ಲ', ಅಂದು ಕೈ ತೊಳೆದುಕೊಳ್ಳುತ್ತದೆ. ನೇರವಾಗಿ 'ಜೂನ್' ಮಾಡು ಅಂದರೂ ಮಾಡುವುದಿಲ್ಲ. ಟಿಕ್ ಹಾಕಿದ್ದರೆ ಸ್ಕ್ರಿಪ್ಟೇ ಮೊದಲು '2024', ಅದರೊಳಗೆ 'ಜೂನ್' ಮಾಡಿ, ಆಮೇಲೆ ಫೈಲ್ ಕಳಿಸುತ್ತದೆ. ನಾನು ಬರೆದದ್ದು 'ಕಾಣೆಯಾದ ದೂರಸ್ಥ ಕಡತಕೋಶಗಳನ್ನು ಸೃಷ್ಟಿಸಿ'. ಬಳಸಿ ನೋಡಿದವರೊಬ್ಬರು ಗಾಬರಿಯಾಗಿ ಕೇಳಿದರು: "ನನ್ನ ಫೋಲ್ಡರ್ ಯಾವಾಗ ಕಾಣೆಯಾಯ್ತು?"

*

> ಯಾವಾಗ ಕಾಣೆಯಾಯ್ತು?

ಸರಿಯಾಗಿಯೇ ಕೇಳಿದ್ದಾರೆ. ಕಾಣೆಯಾಗಬೇಕಾದರೆ ಮೊದಲು ಇರಬೇಕಲ್ವಾ? 'ಇಲ್ಲದ' ಸಾಕು. 'ದೂರಸ್ಥ', 'ಸೃಷ್ಟಿ' ಎರಡೂ ಸಂಸ್ಕೃತ, ಬಿಸಾಕಿ. ರಿಮೋಟ್ ಫೋಲ್ಡರ್‌ಗೆ 'ಆಚೆಗೂಡು' ಅನ್ನಿ. ಇನ್ನು 'ಕಡತ'. ಬಟ್ಟೆಗೆ ಇದ್ದಿಲು, ಹುಣಸೆಬೀಜದ ಅಂಟು ಬಳಿದು, ಬಳಪದಲ್ಲಿ ಬರೆದು, ಮಡಿಸಿ ಇಡುತ್ತಿದ್ದದ್ದು ಕಡತ. ಮಡಿಸುವುದೇ 'ಫೋಲ್ಡ್'. ಅಂದರೆ ಫೋಲ್ಡರ್‌ಗೆ ಸಲ್ಲಬೇಕಾದ ಹೆಸರನ್ನು ಫೈಲ್‌ಗೆ ಕೊಟ್ಟು, ಫೋಲ್ಡರ್‌ಗೆ ಬಾಲದ ಹಾಗೆ 'ಕೋಶ' ಅಂಟಿಸಿ ಕೂತಿದ್ದೇವೆ. ಎಷ್ಟು ಸಲ ಹೇಳಿದರೂ ಯಾರೂ ಕೇಳಲ್ಲ.

*

> ಆಚೆಗೂಡು

ಗೂಡು ಹಕ್ಕಿಗಿರಲಿ. ಇದನ್ನು ನೋಡಿ ಟಿಕ್ ಹಾಕುವ ಧೈರ್ಯ ಯಾರಿಗಿದೆ? 'ಫೋಲ್ಡರಿಗೆ', 'ಫೋಲ್ಡರಿನಲ್ಲಿ' ಅಂತ ವಿಭಕ್ತಿ ಹತ್ತಿದ ಮೇಲೆ ಅದು ನಮ್ಮದೇ ಪದ. ನಿಜವಾದ ತೊಂದರೆ ಕ್ರಿಯಾಪದದಲ್ಲಿದೆ. 'ಸೃಷ್ಟಿಸಿ' ಅಂತ ಹೇಳ್ತಿರೋದು ಯಾರಿಗೆ? ಓದಿದವರು ತಾವೇ ಹೋಗಿ ಫೋಲ್ಡರ್ ಮಾಡಬೇಕು ಅಂದುಕೊಳ್ಳುತ್ತಾರೆ. ಮಾಡುವುದು ಸ್ಕ್ರಿಪ್ಟ್, ಬಳಸುವವರು ಬರೀ ಒಪ್ಪಿಗೆ ಕೊಡುತ್ತಾರೆ. ಹಾಗಾಗಿ 'ಮಾಡಿಕೊಳ್ಳಲಿ'. 'ಕೊಳ್ಳು' ಸೇರಿದರೆ ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತೆ ಅನ್ನೋದು ಬಂತು, 'ಲಿ' ಅಂದರೆ ಒಪ್ಪಿಗೆಯೂ ಬಂತು.

*

> ವಿಭಕ್ತಿ ಹತ್ತಿದ ಮೇಲೆ

ವಿಭಕ್ತಿ ಯಾವುದಕ್ಕೆ ಹತ್ತಲ್ಲ ಹೇಳಿ? 'ಬಸ್ಸು' ಒಪ್ಪಿದ್ದೇನೆ. 'ಫೋಲ್ಡರ್' ಒಪ್ಪಲ್ಲ.

*

ಬಸ್ಸಿಗೊಂದು ನ್ಯಾಯ, ಫೋಲ್ಡರಿಗೊಂದು ನ್ಯಾಯ!

*

ಜಗಳ ಆಮೇಲೆ ಆಡಿಕೊಳ್ಳಿ, ನನಗೆ ಹೊತ್ತಾಯ್ತು. 'ಸರ್ವರ್‌ನಲ್ಲಿ ಇಲ್ಲದ ಫೋಲ್ಡರ್‌ಗಳನ್ನು ಮಾಡಿಕೊಳ್ಳಲಿ' ಅಂತ ಹಾಕಿದೆ. 'ಸರ್ವರ್‌ನಲ್ಲಿ' ಅಂದ ಮೇಲೆ 'ರಿಮೋಟ್' ಬೇರೆ ಹೇಳಬೇಕಾಗಿಲ್ಲ. ಸ್ಕ್ರಿಪ್ಟ್ ತಾನು ಮಾಡಿದ್ದನ್ನು ಬರೆದಿಡುವ ಲಾಗ್‌ನಲ್ಲಿ ಇನ್ನೊಂದು ಉಳಿದಿದೆ: 'ಪೇರೆಂಟ್ ಫೋಲ್ಡರ್', ಅಂದರೆ 'ಜೂನ್'ಗೆ '2024' ಇದ್ದ ಹಾಗೆ. ಯೂನಿಕ್ಸ್ ಆಪರೇಟಿಂಗ್ ಸಿಸ್ಟಂನಲ್ಲಿ ಫೋಲ್ಡರ್ ಮಾಡುವ ಆಜ್ಞೆ 'ಎಂಕೆಡಿರ್ ‑ಪಿ'ಯಲ್ಲಿರುವ 'ಪಿ' ಇದೇ ಪೇರೆಂಟ್. 'ಪೋಷಕ ಫೋಲ್ಡರ್' ಅಂದರೆ ಶಾಲೆಯ ಮೀಟಿಂಗ್ ನೆನಪಾಗುತ್ತೆ. ಸುಮ್ನೆ 'ಮೇಲಿನ ಫೋಲ್ಡರ್' ಅಂದರೆ ನಡೆಯುತ್ತಾ? 'ತಾಯಿಗೂಡು' ಅನ್ನೋರು ದಯವಿಟ್ಟು ಬರೀಬೇಡಿ.